ಮಂಚದ ಕೆಳಗಿನ ಸಕ್ಕರೆ

ಸಮೀಹಾಳ ವಾಷಿಂಗ್ ಮಷೀನ್ ಕೆಟ್ಟು ನಿಂತದ್ದು ಚಳಿಗಾಲದ ನಟ್ಟನಡುವೆ. ರಿಪೇರಿಯವನು ಹಿಂಬದಿಯ ತಗಡು ಬಿಚ್ಚಿ ನೋಡಿ, "ಇದಕ್ಕೆ ಹಾಕೋ ದುಡ್ಡು ದಂಡ ಕಣಮ್ಮ, ಹೊಸದು ತಗೊಳ್ಳಿ" ಎಂದ. ಅಷ್ಟು ಹೇಳಿದ್ದಕ್ಕೂ ದುಡ್ಡು ಇಸಿದುಕೊಂಡೇ ಹೋದ. ಅಂದಿನಿಂದ ಅಲೆಕ್ಸಾಂಡ್ರಿಯಾದ ಮುಹರಂ ಬೇ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿ, ಹಗಲೆಲ್ಲ ಶಾಲೆಯಲ್ಲಿ ಭೂಗೋಳ ಪಾಠ ಮಾಡಿ ಬಂದವಳು ಸಂಜೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ತಿಕ್ಕುತ್ತಿದ್ದಳು. ಗಂಡ ವಗ್ದಿ ಬಂದರಿನಲ್ಲಿ ಕ್ರೇನ್ ನಡೆಸುವವನು. ಅವನ ಅಂಗಿಯ ಗ್ರೀಸು ತಣ್ಣೀರಿಗೆ ಜಗ್ಗುತ್ತಿರಲಿಲ್ಲ. ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಯೂನಿಫಾರಂ, ಅತ್ತೆ ತಫೀದಾಳ ಉದ್ದುದ್ದನೆಯ ಕಪ್ಪು ನಿಲುವಂಗಿಗಳು.

ಆದರೂ ಅವಳಿಗೊಂದು ಧೈರ್ಯವಿತ್ತು. ಶಾಲೆಯ ಟೀಚರುಗಳು ಸೇರಿ ಹಾಕಿದ ಚೀಟಿಯಲ್ಲಿ ರಮದಾನಿನ ಹಿಂದಿನ ತಿಂಗಳು ಅವಳ ಸರದಿ. ಆ ಗಂಟಿಗೆ ಇನ್ನೊಂದಿಷ್ಟು ಸೇರಿದರೆ ಹೊಸ ಮಷೀನ್ ಬರುತ್ತದೆ. ಅದನ್ನು ಮನೆಖರ್ಚಿನಿಂದಲೇ ಹಿಂಡಿ ತೆಗೆಯುವ ಹಟ ತೊಟ್ಟು, ಒಂದು ಶುಕ್ರವಾರ ಊಟದ ಹೊತ್ತಿಗೆ ಎಲ್ಲರ ಮುಂದೆ ಕಟ್ಟಳೆ ಹೊರಡಿಸಿದಳು. ಹೊಟ್ಟೆಗೆ, ಔಷಧಿಗೆ, ಬಸ್ಸಿಗೆ ಬಿಟ್ಟು ಬೇರೆ ಏನು ಬೇಕೆನಿಸಿದರೂ ಒಂದು ವಾರ ಸುಮ್ಮನಿರಬೇಕು. ಆಮೇಲೂ ಬೇಕೆನಿಸಿದರೆ ಕೊಳ್ಳುವುದು.

"ನನಗೆ ಇನ್ನೊಬ್ಬಳು ಹೆಂಡತಿ ಬೇಕು ಅನ್ನಿಸಿದ್ರೂ ಒಂದೇ ವಾರನಾ?" ಎಂದ ವಗ್ದಿ, ಬೇಯಿಸಿ ಅರೆದ ಕಾಳಿನ ಫೂಲ್ ಮೆತ್ತಿದ ರೊಟ್ಟಿಯನ್ನು ಬಾಯಿಗಿಡುತ್ತಾ. ಹುಡುಗಿಯರು ಕಿಸಕ್ಕನೆ ನಕ್ಕರು.

"ಬರಲಿ ಬಿಡು, ಅವಳೂ ಒಂದು ಬಕೆಟ್ ತಂದ್ಕೊಂಡು ನನ್ನ ಪಕ್ಕ ಕೂತ್ಕೊಳ್ಳಲಿ" ಎಂದಳು ಸಮೀಹಾ.

ಕಟ್ಟಳೆ ಮೊದಮೊದಲು ಕೆಲಸ ಮಾಡಿತು. ಚಿಕ್ಕವಳು ಅತ್ತೂಕರೆದು ಕೇಳಿದ್ದ ಮಿಣುಗುವ ಚೀಲವನ್ನು ವಾರದೊಳಗೆ ಮರೆತೇಬಿಟ್ಟಳು. ವಗ್ದಿ ಕಾಫಿಖಾನೆಗೆ ಹೋಗುವುದನ್ನು ಕಡಿಮೆ ಮಾಡಿದ. ಕೆಟ್ಟದ್ದು ದೊಡ್ಡವಳ ಬೂಟಿನಿಂದ. ಅಡಿ ಕಿತ್ತಿದ್ದರೂ ವಾರ ಕಾಯಲೆಂದು ಸಮೀಹಾ ಗೋಂದು ಹಚ್ಚಿ ಕಳಿಸಿದಳು. ವಾರ ಕಳೆದು ಅಂಗಡಿಗೆ ಹೋದರೆ ಅದೇ ಬೂಟಿನ ಮೇಲೆ ಬೇರೆ ಬೆಲೆಯ ಚೀಟಿ. ಹಳೆಯ ಚೀಟಿಯನ್ನು ಪೂರ್ತಿ ಕಿತ್ತಿರಲೂ ಇಲ್ಲ, ಅದರ ಮೇಲೇ ಅಂಟಿಸಿದ್ದರು. ಅಂಗಡಿಯವನು ಮುಖ ಕೂಡ ಎತ್ತದೆ, "ನಿನ್ನೆ ಬಂದಿದ್ರೆ ಹಳೇ ರೇಟಿಗೆ ಕೊಡ್ತಿದ್ದೆ" ಎಂದ.

ಸೋಪಿನ ಪುಡಿಯ ದೊಡ್ಡ ಪೊಟ್ಟಣಕ್ಕೂ ಹೀಗೇ ಆಯಿತು. ಅತ್ತೆಯ ಹೊದಿಕೆಗೂ.

"ನಿನ್ನ ತಾಳ್ಮೆ ತುಂಬಾ ದುಬಾರಿ ಆಯ್ತಲ್ಲೇ ತಾಯಿ" ಎಂದಳು ತಫೀದಾ. "ನಮ್ಮ ಕಾಲದಲ್ಲಿ ದುಂದು ಮಾಡಿದೋರು ಹಾಳಾಗ್ತಿದ್ರು. ಈಗ ಉಳಿಸೋಕೆ ಹೋದೋರು ಹಾಳಾಗ್ತಾರೆ."

ತಾನು ತಪ್ಪು ಮಾಡುತ್ತಿಲ್ಲ ಎಂದು ಸಮೀಹಾಗೆ ಗೊತ್ತಿತ್ತು. ಆದರೂ ಪ್ರತಿಸಲ ಅಂಗಡಿಯಿಂದ ತಪ್ಪಿತಸ್ಥಳಂತೆ ವಾಪಸ್ಸು ಬರುವವಳು ತಾನೇ ಆಗುತ್ತಿದ್ದಳು.

ಕೊನೆಗೂ ಚೀಟಿಯ ಹಣ ಕೈಗೆ ಬಂತು, ಉಳಿಸಿದ್ದೂ ಸೇರಿ ಮಷೀನಿಗೆ ಸಾಲುವಷ್ಟಾಯಿತು. ಮಷೀನಿನ ಅಂಗಡಿಯವನು ಹೊಸ ಮಾಲು ಗುರುವಾರ ಇಳಿಯುತ್ತದೆ ಎಂದಿದ್ದ. ಸಮೀಹಾ ಹಣವನ್ನು ಬೀರುವಿನಲ್ಲಿ ಚಾದರಗಳ ನಡುವೆ ಇಟ್ಟು, ಬಚ್ಚಲ ಮೂಲೆಯನ್ನು ತೊಳೆದು, ಹಳೆಯ ಮಷೀನನ್ನು ಗುಜರಿಯವನಿಗೆ ಕೊಟ್ಟು ಜಾಗ ಮಾಡಿಕೊಂಡಳು.

ಬುಧವಾರ ಶಾಲೆಯಿಂದ ಬಂದಾಗ ಕಟ್ಟಡದ ಬಾಗಿಲಲ್ಲಿ ಒಂದು ಪಿಕಪ್ ಗಾಡಿ ನಿಂತಿತ್ತು. ಇಬ್ಬರು ಕೂಲಿಗಳು ಮೂಟೆ ಹೊತ್ತು ಮೆಟ್ಟಿಲೇರುತ್ತಿದ್ದರು. ಯಾರ ಮನೆಗೋ ಎಂದುಕೊಂಡು ಅವರ ಹಿಂದೆಯೇ ಹತ್ತಿದಳು. ಅವರು ಅವಳ ಮನೆಯೊಳಗೇ ನುಗ್ಗಿದರು. ಒಳಗೆ ವಗ್ದಿ ತೋಳು ಮಡಿಸಿಕೊಂಡು ಸಕ್ಕರೆ ಮೂಟೆಗಳನ್ನು ಮಂಚದ ಕೆಳಗೆ ತಳ್ಳಿಸುತ್ತಿದ್ದ. ಎಣ್ಣೆಯ ಡಬ್ಬಗಳು ಬಚ್ಚಲಲ್ಲಿ ಅವಳು ತೊಳೆದಿಟ್ಟಿದ್ದ ಮೂಲೆಯನ್ನೇ ಹಿಡಿದಿದ್ದವು.

"ಇದು ಯಾವ ದುಡ್ಡು, ವಗ್ದಿ?"

"ಬೈಬೇಡ, ಮೊದ್ಲು ಕೇಳು. ಬಂದರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಸಕ್ಕರೆ ಸಿಗಲ್ವಂತೆ. ನೋಟು ಬೀರುವಲ್ಲಿ ಕೂತ್ಕೊಂಡೇ ಕರಗತ್ತೆ ಕಣೇ. ಸಾಮಾನು ಕರಗಲ್ಲ."

"ಸಕ್ಕರೆ ಕರಗಲ್ವಾ?"

"ತಮಾಷೆ ಬಿಡು. ರಮದಾನಲ್ಲಿ ಒಂದಕ್ಕೆ ಒಂದೂವರೆ ಆಗತ್ತೆ, ಮಾರಿಬಿಡೋಣ. ನಿನ್ನ ಮಷೀನೂ ಬರತ್ತೆ, ಮೇಲೆ ಕೈಗೂ ಮಿಗತ್ತೆ. ವಾರ ಕಾಯೋದು ಅಂತ ಕೂತಿದ್ದಕ್ಕೆ ಏನಾಯ್ತು, ನೋಡಿದ್ಯಲ್ಲ?"

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಿದ್ದೆ."

ಕೂಲಿಗಳು ದುಡ್ಡಿಗೆ ಕಾದು ನಿಂತಿದ್ದರು. ಅವರ ಮುಂದೆ ಕೂಗಾಡಲಾರದೆ ಕೊಡ ಎತ್ತಿಕೊಂಡು ನೀರು ಹಿಡಿಯಲು ಹೋದಳು.

ವಗ್ದಿ ಹೇಳಿದ್ದು ನಿಜವಾಯಿತು, ಅದೇ ಅವಳಿಗೆ ಇನ್ನಷ್ಟು ಉರಿ. ರಮದಾನಿನ ಮೊದಲ ವಾರದಲ್ಲೇ ಅಂಗಡಿಗಳಲ್ಲಿ ಸಕ್ಕರೆ ಕಾಣದಾಯಿತು. ಇವರ ಮನೆಯಲ್ಲಿ ಮೂಟೆಗಳಿರುವ ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿದು, ನೆರೆಯವರು ಒಬ್ಬೊಬ್ಬರಾಗಿ ಬಂದರು. ಮೊದಲು ಬಂದವಳು ಮೇಲಿನ ಮಹಡಿಯ ಇರೀನಿ. ಬಟ್ಟೆ ಹೊಲಿದು ಮಗನನ್ನು ಓದಿಸುತ್ತಿದ್ದ ವಿಧವೆ.

"ಒಂದು ಕಿಲೋ ಇದ್ರೆ ಕೊಡಿ ಅತ್ತೆಮ್ಮ, ದುಡ್ಡು ತಂದಿದೀನಿ."

"ದುಡ್ಡಾ? ಥೂ!" ತಫೀದಾ ಅವಳ ಕೈ ಮುಚ್ಚಿಸಿದಳು. "ಉಪವಾಸದ ತಿಂಗಳಲ್ಲಿ ನೆರೆಯವರ ಹತ್ರ ಸಕ್ಕರೆಗೆ ದುಡ್ಡು ಇಸ್ಕೊಳ್ಳೋ ಮನೆಯಾ ಇದು? ವಗ್ದಿ, ಎರಡು ಕಿಲೋ ಅಳೆದು ಕೊಡೋ."

ವಗ್ದಿ ಅಳೆದ. ಬಂದವರಿಗೆಲ್ಲ ಅಳೆದ. ಒಂದೂವರೆ ಪಟ್ಟಿಗೆ ಮಾರುತ್ತೇನೆಂದವನು, ಯಾರಾದರೂ ಪರ್ಸಿಗೆ ಕೈ ಹಾಕಿದರೆ ಸಾಕು, "ದೇವರಾಣೆ ಬೇಡ" ಎಂದು ಎದೆ ಮೇಲೆ ಕೈಯಿಡುತ್ತಿದ್ದ. ಒಂದು ಮೂಟೆ ಖಾಲಿಯಾಯಿತು, ಎರಡನೆಯದರ ಬಾಯಿ ಬಿಚ್ಚಿತು. ಸಮೀಹಾ ಬಚ್ಚಲಲ್ಲಿ ಎಣ್ಣೆ ಡಬ್ಬಗಳ ಮಧ್ಯೆ ಜಾಗ ಮಾಡಿಕೊಂಡು ಬಟ್ಟೆ ತಿಕ್ಕುತ್ತಾ, ತನ್ನ ಮಷೀನು ಕಿಲೋ ಕಿಲೋ ಆಗಿ ಮೆಟ್ಟಿಲಿಳಿದು ಹೋಗುವ ಸದ್ದು ಕೇಳಿಸಿಕೊಂಡಳು. ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ. ಮನೆಬಾಗಿಲಿಗೆ ಬಂದವರನ್ನು ಹೇಗೆ ಬರಿಗೈಲಿ ಕಳಿಸುವುದು?

ಒಂದು ದಿನ ಶಾಲೆಯಿಂದ ಬರುವಾಗ ಇರೀನಿ ಮೆಟ್ಟಿಲಲ್ಲಿ ಎದುರಾದಳು. ಕೈಯಲ್ಲಿದ್ದ ಸಣ್ಣ ಪೊಟ್ಟಣವನ್ನು ಶಾಲಿನೊಳಗೆ ಮರೆಮಾಡಲು ನೋಡಿದಳು. ತುದಿಯಿಂದ ಸಕ್ಕರೆ ಉದುರಿತು.

"ಅಕ್ಕ, ಇದನ್ನ ಎಲ್ಲಿಂದ ತಂದೆ?"

ಇರೀನಿ ಕಾಳಸಂತೆಯ ಬೆಲೆ ಹೇಳಿದಳು. ಸಮೀಹಾ ಬಾಯಿಬಿಟ್ಟು ನಿಂತಳು. "ನಮ್ಮ ಮನೇಲಿ ಮೂಟೆಗಟ್ಟಲೆ ಬಿದ್ದಿರುವಾಗ?"

"ಬೇಜಾರು ಮಾಡ್ಕೋಬೇಡ. ಎಷ್ಟು ಸಲ ಪುಕ್ಕಟೆ ಇಸ್ಕೊಳ್ಳಲಿ ಸಮೀಹಾ? ನಿಮ್ಮತ್ತೆ ಕೊಡುವಾಗ ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಕೊಡ್ತಾರೆ. ನನಗೆ ಸಕ್ಕರೆ ಬೇಕಿತ್ತು, ದಾನ ಅಲ್ಲ."

ಸಮೀಹಾ ಅವಳ ತೋಳು ಹಿಡಿದು ನೇರ ಮನೆಗೆ ಕರೆತಂದಳು. ಅತ್ತೆಯ ಕಣ್ಣೆದುರೇ ಮೂರು ಕಿಲೋ ತೂಗಿ, ಕೊಂಡ ಬೆಲೆ ಹೇಳಿ, ದುಡ್ಡು ಕೈಗೆ ತಗೊಂಡು ಚಿಲ್ಲರೆ ವಾಪಸ್ಸು ಕೊಟ್ಟಳು. ಇರೀನಿ ಚಿಲ್ಲರೆ ಎಣಿಸಿ ನೋಡಿ, ಮೊದಲ ಸಲ ಆರಾಮಾಗಿ ಕುರ್ಚಿಯಲ್ಲಿ ಕೂತಳು.

ತಫೀದಾ ಅವಳು ಹೋಗುವವರೆಗೆ ತಡೆದುಕೊಂಡು ಆಮೇಲೆ ಎದೆ ಬಡಿದುಕೊಂಡಳು. "ನನ್ನ ಮನೇನ ದಿನಸಿ ಅಂಗಡಿ ಮಾಡಿದ್ಯಲ್ಲೇ! ಬೀದೀಲಿ ತಲೆ ಎತ್ಕೊಂಡು ಹೆಂಗೆ ಓಡಾಡ್ಲಿ?"

"ಅಂಗಡಿ ಮಾಡಿದ್ದು ನಿಮ್ಮ ಮಗ, ಅತ್ತೆಮ್ಮ. ನಾನು ಬರೀ ಬಾಗಿಲು ತೆಗೆದೆ."

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಸಮೀಹಾ ತಕ್ಕಡಿ ಹಿಡಿದು ಬಾಗಿಲಲ್ಲಿ ಕೂತಳು. ಕೊಂಡ ಬೆಲೆ, ಒಂದು ಕಾಸು ಮೇಲಿಲ್ಲ. ಮುಜುಗರದಿಂದ ಬರುವುದನ್ನು ಬಿಟ್ಟಿದ್ದವರೆಲ್ಲ ಬಂದರು. ಒಂದು ರಾತ್ರಿ ಇಫ್ತಾರ್ ಊಟದ ಮೇಲೆ ಕಾಫಿಖಾನೆಯಲ್ಲಿ ಯಾರೋ ವಗ್ದಿಯನ್ನು "ಸಾವ್ಕಾರ್ರೇ, ಎಣ್ಣೆ ಹೆಂಗೆ ಲೀಟರು?" ಎಂದು ಕೆಣಕಿದರಂತೆ. ಅವನು ಮುಖ ಊದಿಸಿಕೊಂಡು ಬಂದು, ಗೋಡೆಯ ಕಡೆ ತಿರುಗಿ ಮಲಗಿದ.

ಮೂಟೆ, ಡಬ್ಬಗಳೆಲ್ಲ ಖಾಲಿಯಾದಾಗ ಚೀಟಿಯ ಹಣದಲ್ಲಿ ದೊಡ್ಡ ಪಾಲು ಹಿಂತಿರುಗಿತ್ತು. ಪುಕ್ಕಟೆ ಹೋದದ್ದು ಹೋಗಿತ್ತು. ಅಷ್ಟರಲ್ಲಿ ಮಷೀನಿನ ಬೆಲೆ ಎಟುಕದಷ್ಟು ಮೇಲೇರಿತ್ತು. ಹಬ್ಬದ ಹಿಂದಿನ ದಿನ ಅವಳು ತಾನೇ ನೀರು ತುಂಬಿ, ತಾನೇ ಬಸಿಯಬೇಕಾದ ಸಣ್ಣ ಪ್ಲಾಸ್ಟಿಕ್ ಮಷೀನೊಂದನ್ನು ಕೊಂಡು ತಂದಳು. ಗ್ರೀಸು ಅದರಲ್ಲಿ ಪೂರ್ತಿ ಹೋಗುತ್ತಿರಲಿಲ್ಲ.

ವಗ್ದಿ ಅದರ ಸುತ್ತ ಒಂದು ಸುತ್ತು ಹಾಕಿದ. "ಹೋಗ್ಲಿ ಬಿಡು, ನಾನು ಅವತ್ತು ಸಾಮಾನು ತಂದಿದ್ದಕ್ಕೆ ಇಷ್ಟಾದ್ರೂ ಉಳೀತು" ಎಂದ.

"ನೀನು ಅವತ್ತು ಸುಮ್ಮನಿದ್ದಿದ್ರೆ ಮಾರನೇ ದಿನ ದೊಡ್ಡದೇ ಬರ್ತಿತ್ತು."

ಅವನು ಬೆರಳು ಮಡಿಸಿ ಲೆಕ್ಕ ಹಾಕಿ ನೋಡಿದ. ಆಮೇಲೆ ಜೇಬಿನಿಂದ ಸಂಬಳ ಜಮೆಯಾಗುವ ಬ್ಯಾಂಕ್ ಕಾರ್ಡು ತೆಗೆದು ಅವಳ ಮುಂದೆ ಇಟ್ಟ. "ತಗೋ. ಇನ್ಮೇಲೆ ಎಲ್ಲ ನಿನ್ನದೇ. ನನ್ನ ತಲೆ ತಿನ್ಬೇಡ."

ಸಮೀಹಾ ಕಾರ್ಡನ್ನು ನೋಡಿದಳು. ಮುಟ್ಟಲಿಲ್ಲ.

"ನಾನು ಕೇಳಿದ್ದು ಇದನ್ನಲ್ಲ ವಗ್ದಿ. ಒಂದು ಮಾತು ಕೇಳಿ ಮಾಡು ಅಂದೆ. ಅಷ್ಟೇ ಅಂದಿದ್ದು."

"ಕೊಟ್ರೂ ತಪ್ಪಾ?"

ಒಳಗಿನ ಕೋಣೆಯಿಂದ ತಫೀದಾ, ಹಬ್ಬಕ್ಕೆ ಕಹಕ್ ಬಿಸ್ಕತ್ತು ಸುಡಲು ಸಕ್ಕರೆ ಎಲ್ಲಿ ಎಂದು ಕೂಗಿ ಕೇಳಿದಳು. ಮನೆಯಲ್ಲಿ ಒಂದು ಲೋಟವೂ ಉಳಿದಿರಲಿಲ್ಲ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ನಗು ಬರಲಿಲ್ಲ. ಕಾರ್ಡು ಅವರಿಬ್ಬರ ನಡುವೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು.