ಅಕ್ಕ ಬರೆದುಕೊಟ್ಟ ಭಾಷಣ

ತಂಗಿಗೆ ಗಡೀಪಾರಿನ ನೋಟಿಸು ಬಂದ ದಿನ ಅಕ್ಕನಿಗೆ ಮೊದಲು ಆದದ್ದು ಭಯವಲ್ಲ, ಹೊಟ್ಟೆಕಿಚ್ಚು. ನಾಚಿಕೆಗೇಡಿನ ಮಾತೇ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ಇಬ್ಬರೂ ಪರದೇಶಕ್ಕೆ ಓದಲು ಬಂದವರು. ಅಕ್ಕ ಸಂಶೋಧನೆಯ ಜೊತೆಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ರಟ್ಟು ಕಟ್ಟುತ್ತಿದ್ದಳು. ಶಾಲೆಯ ಕಾಲದಿಂದಲೂ ಇವರದೊಂದು ಪದ್ಧತಿ: ಭಾಷಣ ಬರೆಯುವವಳು ಅಕ್ಕ, ವೇದಿಕೆ ಹತ್ತುವವಳು ತಂಗಿ. ನಾಲ್ಕು ಜನರೆದುರು ನಿಂತರೆ ಅಕ್ಕನ ನಾಲಿಗೆ ಒಣಗುತ್ತಿತ್ತು. ಹಾಗಾಗಿ ಬಹುಮಾನಗಳೆಲ್ಲ ತಂಗಿಯ ಕಪಾಟು ಸೇರಿದವು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ ಎಂದು ಅಕ್ಕ ಒಳಗೊಳಗೇ ಗೊಣಗುತ್ತಿದ್ದಳು, ಬರೆದುಕೊಡುವುದನ್ನು ಮಾತ್ರ ಬಿಡಲಿಲ್ಲ.

ಸಹಪಾಠಿಯೊಬ್ಬನನ್ನು ದೇಶದಿಂದ ಹೊರಹಾಕಿದಾಗ ವಿದ್ಯಾರ್ಥಿಗಳು ಪ್ರತಿಭಟನೆಗೆ ಕೂತರು. "ಅಕ್ಕಾ, ಎರಡು ಪುಟ ಬರ್ಕೊಡೇ," ಎಂದಳು ತಂಗಿ. ಅಕ್ಕ ತಿದ್ದಿ ತೀಡಿ ಬರೆದುಕೊಟ್ಟಳು. ಸಭೆಗೆ ಮಾತ್ರ ಹೋಗಲಿಲ್ಲ; ವೀಸಾ ಹೋದೀತೆಂಬ ಹೆದರಿಕೆ. ಮರುದಿನ ಭಾಷಣದ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, "ನಿಮ್ಮ ತಂಗಿ ಏನ್ ಮಾತಾಡಿದ್ಲು ರೀ!" ಎನ್ನುವವರೇ. ಅಕ್ಕ ಅದನ್ನು ನೋಡಲೇ ಇಲ್ಲ. ತನ್ನ ಮಾತನ್ನೇ ತಂಗಿಯ ಬಾಯಲ್ಲಿ ಕೇಳಿ ಹೊಟ್ಟೆ ಉರಿಸಿಕೊಳ್ಳುವುದೇಕೆ?

ಆಮೇಲೆ ನೋಟಿಸು ಬಂತು. ಗುರುತಿಲ್ಲದವರೆಲ್ಲ ಬಾಗಿಲು ತಟ್ಟಿ ತಂಗಿಯನ್ನು ತಬ್ಬಿಕೊಂಡು ಹೋದರು. ಫೋನಿನಲ್ಲಿ ಅಮ್ಮ, "ಅವಳು ಧೈರ್ಯಸ್ಥೆ ಕಣೇ, ನೀನು ಸ್ವಲ್ಪ ನೋಡ್ಕೋ," ಎಂದಳು. ಅಕ್ಕ ಫೋನಿಟ್ಟಳು.

ತಂಗಿಯ ವಕೀಲೆ ಮನೆಗೇ ಬಂದು ಅಕ್ಕನಿಗೆ ತಿಳಿಸಿ ಹೇಳಿದಳು. "ಸರ್ಕಾರದವರ ವಾದ ಇಷ್ಟೇ. ಕೈಲಿ ಕಾಗದ ಇತ್ತು, ಇದು ಇವಳ ಮಾತಲ್ಲ, ಯಾರೋ ಬರೆದುಕೊಟ್ಟು ಛೂ ಬಿಟ್ಟಿದಾರೆ ಅಂತ. ತನಗನಿಸಿದ್ದನ್ನ ಹೇಳೋ ಹಕ್ಕು ಇಲ್ಲಿನ ಪ್ರಜೆಗಳಿಗಷ್ಟೇ ಅಲ್ಲ ಅಂತ ನಾನು ವಾದಿಸ್ತೀನಿ. ನೀವು ಒಂದೇ ಮನೇಲಿರೋರು, ಸಾಕ್ಷಿಗೆ ಕರೀತಾರೆ."

ಒಂದೇ ಒಂದು ಸಲ ಎಲ್ಲರೆದುರು "ಅದು ನನ್ನದು" ಎನ್ನಬೇಕೆಂಬ ಆಸೆ ಅಕ್ಕನಿಗೆ. ಹಾಗೆಂದರೆ ತಂಗಿ ವಿಮಾನ ಹತ್ತಬೇಕಾಗುತ್ತದೆ, ಬಹುಶಃ ತಾನೂ. ಇದು ಗೊತ್ತಿದ್ದೂ ಅಕ್ಕ ಭಾಷಣದ ಕರಡನ್ನು ಚೀಲಕ್ಕೆ ಹಾಕಿಕೊಂಡೇ ವಿಚಾರಣೆಗೆ ಹೋದಳು.

ಕಿಟಕಿಯಿಲ್ಲದ ಕೋಣೆ. ಅಧಿಕಾರಿ ಗೋಡೆಯ ಪರದೆಯ ಮೇಲೆ ವಿಡಿಯೊ ಹಾಕಿಸಿದ. ಅದರಲ್ಲಿ ತಂಗಿ ಕಾಗದ ಹಿಡಿದು ಓದತೊಡಗಿದಳು: "ಮಾನ್ಯ ಆಡಳಿತ ಮಂಡಳಿಯವರೇ, ಗೌರವಾನ್ವಿತ ಅಧ್ಯಾಪಕರೇ..." ಅಷ್ಟಕ್ಕೇ ನಿಲ್ಲಿಸಿ, ಕಾಗದವನ್ನು ಮಡಚಿ ಜೇಬಿಗಿಟ್ಟಳು.

"ಇದು ಬೇಡ. ಇದರಲ್ಲಿ ಎಲ್ಲರಿಗೂ ನಮಸ್ಕಾರ ಇದೆ, ನೀವು ಹೊರಹಾಕಿದವನ ಹೆಸರೇ ಇಲ್ಲ," ಎಂದಳು. "ಈ ದೇಶದಲ್ಲಿ ಉಸಿರಾಡೋಕೆ ಅನುಮತಿ ಕೊಟ್ಟಿದ್ದೀರಿ. ಬಾಯಿ ತೆರೆಯೋಕೆ ಬೇರೆ ಅರ್ಜಿ ಹಾಕ್ಬೇಕಾ?"

ಜನ ಹೋ ಎಂದರು. ಇನ್ನೂ ಹತ್ತು ನಿಮಿಷ ಮಾತು ನಡೆಯಿತು. ಅಕ್ಕ ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ. ತನಗೆ ಸಾಯುವ ತನಕ ಹೊಳೆಯದಂಥ ಮಾತುಗಳು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಇಷ್ಟು ವರ್ಷ ಎದ್ದದ್ದು ಬರೀ ಹೊಗೆ, ಹೊಟ್ಟೆಕಿಚ್ಚಿನ ಬೆಂಕಿ ಹತ್ತಿದ್ದು ಈಗ.

"ಆ ಕಾಗದ ಯಾರದು?" ಎಂದು ಅಧಿಕಾರಿ ಕೇಳಿದ.

ಅಕ್ಕ ಎದ್ದು ನಿಂತಳು. ನಾಲಿಗೆ ಒಣಗಿತ್ತು. "ಕಾಗದ ನನ್ನದು. ಇಲ್ಲಿದೆ ಕರಡು, ಹೋಲಿಸಿ ನೋಡ್ಕೊಳ್ಳಿ. ಮಾತಾಡಿದ್ದೆಲ್ಲ ಅವಳದೇ."

ಅಧಿಕಾರಿ ಎರಡು ಸಲ ಓದಿದ. ಸಂಜೆಗೆ ಮುಂಚೆ ಗಡೀಪಾರಿಗೆ ತಡೆ ಸಿಕ್ಕಿತು.

ಹೊರಗಿನ ಮೆಟ್ಟಿಲ ಮೇಲೆ ತಂಗಿ ಅಳುತ್ತಾ ಅಕ್ಕನ ಕೈ ಹಿಡಿದಳು. "ನೀನು ಬರೆದಿದ್ದು ಓದ್ಲಿಲ್ಲ ಅಂತ ಬೇಜಾರಾ?"

"ಓದಿದ್ರೆ ನಿಂಗೆ ನೋಟಿಸೇ ಬರ್ತಿರ್ಲಿಲ್ಲ ಬಿಡು," ಎಂದಳು ಅಕ್ಕ.