ಹೊಸ ವರತಿಯ ನೀರು

ಶೈಲಜಾ ಬಸ್ಸಿನಿಂದ ಕೆಳಗಿಳಿದಳೋ ಇಲ್ಲವೋ, ಕಲ್ಮೇಶ ಓಡಿ ಬಂದು ಎದುರಿಗೆ ನಿಂತ. ಅವಳು ಪಾಠ ಹೇಳುವ ಎಂಟನೆಯ ಇಯತ್ತೆಯ ಹುಡುಗ. ಕೈಯಲ್ಲಿ ಗಾಜಿನ ಬಾಟಲಿ, ಅದರೊಳಗೆ ಹೊಟ್ಟೆ ಮೇಲಾಗಿ ತೇಲುವ ಮೀನುಮರಿಗಳು. ಮುಖ ನೋಡಿದರೆ ಕುಸ್ತಿ ಗೆದ್ದು ಬಂದವನ ಹಾಗೆ ಅರಳಿತ್ತು.

“ಅಕ್ಕೋರ, ಹಳ್ಳದಾಗ ಮೀನ ಸತ್ತಾವ್ರಿ! ಮಾಳಪ್ಪಕಾಕಾ ಹತ್ತಿಗೆ ಎಣ್ಣಿ ಹೊಡದು, ಪಂಪ ಮಡುವಿನ್ಯಾಗs ತೊಳದಾನ್ರಿ. ನಾವ ಕಂಡ ಹಿಡದೇವ್ರಿ!”

ಬೆಳೆಗೆ ಸಿಂಪಡಿಸುವ ವಿಷಕ್ಕೆ ಈ ಸೀಮೆಯವರು ಎಣ್ಣೆ ಎಂದೇ ಕರೆಯುವುದು. ಶೈಲಜಾಗೆ ಸಿಟ್ಟೂ ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಬೈಲಹೊಂಗಲದಿಂದ ಈ ಹೈಸ್ಕೂಲಿಗೆ ಬಂದಾಗ ಇಲ್ಲಿನ ಮಕ್ಕಳಿಗೆ ಹಳ್ಳವೆಂದರೆ ಎಮ್ಮೆಯ ಮೈ ತೊಳೆಯುವ ಜಾಗ, ಅಷ್ಟೇ. ಶನಿವಾರಕ್ಕೊಮ್ಮೆ ಕರೆದುಕೊಂಡು ಹೋಗಿ, ಕಲ್ಲು ಮಗುಚಿ ಹುಳ ನೋಡುವುದು, ನೀರಿನ ಬಣ್ಣ, ವಾಸನೆ ಗುರುತಿಸುವುದು ಎಲ್ಲಾ ಕಲಿಸಿದ್ದಳು. “ಹುಡುಗ್ರಿಗೆ ಮಗ್ಗಿ ಬರೂದಿಲ್ಲ, ಅಕ್ಕೋರು ಕಪ್ಪಿ ಎಣಸಾಕ ಹೊಂಟಾರ” ಎಂದು ಹೆಡ್‌ಮಾಸ್ತರರು ಆಡಿಕೊಂಡಿದ್ದರು. ಆಡಿಕೊಳ್ಳಲಿ ಬಿಡಿ, ಈಗ ನೋಡಿ!

“ಉಳದವರೆಲ್ಲಿ?”

“ಹಳ್ಳದಾಗ ಅದಾರ್ರಿ. ನಮ್ಮ ವರ್ಗದ ಅನ್ನಪೂರ್ಣಾನ ಅಕ್ಕ ವಿಜಯಾಂದು ಗಂಗಿ ಪೂಜಿ ಐತಲ್ರಿ ಇವತ್ತ. ಮಡುವಿನ ನೀರ ಕೆಟ್ಟೈತೆಲ್ರಿ, ಅದಕ್ಕ ಬಾಜೂಕ ಉಸುಕಿನ್ಯಾಗ ಹೊಸಾ ವರತಿ ತೋಡಿ ಕೊಟ್ಟೇವ್ರಿ. ಎಷ್ಟ ತಿಳಿ ಬಂದೈತಿ ಅಂತೀರಿ!”

ಶೈಲಜಾ ಬಾಟಲಿಯ ಮೀನುಗಳನ್ನೊಮ್ಮೆ, ಹಳ್ಳದ ದಿಕ್ಕನ್ನೊಮ್ಮೆ ನೋಡಿದಳು.

ಉಸುಕಿನಲ್ಲಿ ತೋಡಿದ ಕುಣಿಯೇ ವರತಿ. ಹಳ್ಳ ಎಷ್ಟೇ ರಾಡಿಯಾಗಿದ್ದರೂ ವರತಿಯಲ್ಲಿ ತಿಳಿನೀರು ಜಿನುಗುತ್ತದೆ, ಊರೇ ಅದನ್ನು ನಂಬಿ ಬದುಕಿದೆ. ಬಾಣಂತಿ ಕೋಣೆಯಿಂದ ಹೊರಬಿದ್ದ ಮೊದಲ ದಿನ ಗಂಗಿ ಪೂಜೆ ಮಾಡಿ, ವರತಿಯ ನೀರು ಬೊಗಸೆಯಲ್ಲಿ ಕುಡಿದು, ಕೂಸಿನ ತುಟಿಗೂ ಒಂದು ಹನಿ ಮುಟ್ಟಿಸಿಯೇ ಕೊಡ ಹೊತ್ತು ಮನೆಗೆ ಹೋಗಬೇಕು.

ಹಿರಿಯರ ಆ ನಂಬಿಕೆಗೆ ಮುದ್ರೆ ಒತ್ತಿದವಳು ತಾನೇ. ಹೋದ ವಾರ ಮಡಕೆಯಲ್ಲಿ ಉಸುಕು ತುಂಬಿ ರಾಡಿನೀರು ಸುರಿದಿದ್ದಳು. ಕೆಳಗೆ ತಿಳಿನೀರು ಇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಆ ಖುಷಿಯಲ್ಲಿ, “ನೋಡ್ರಿ, ಉಸುಕ ಹೊಲಸೆಲ್ಲಾ ಹಿಡೀತೈತಿ” ಎಂದುಬಿಟ್ಟಳು. ನೀರಿನಲ್ಲಿ ಬೆರೆತ ಎಣ್ಣೆಯನ್ನು ಉಸುಕು ಹಿಡಿಯದು ಎಂದು ಹೇಳುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಿದ್ದಳು. ಮುಂದಿನ ವಾರವಂತೆ!

ಹಳ್ಳದ ಕಡೆ ಓಡುವಾಗ ಚಪ್ಪಲಿ ಕಿತ್ತಿತು. ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದಳು. ಅಯ್ಯೋ ದೇವರೇ, ಕುಡಿದಿರದಿರಲಿ, ಕೂಸಿಗೆ ಮುಟ್ಟಿಸಿರದಿರಲಿ ಎನ್ನುತ್ತಲೇ ಜಾಲಿಯ ಸಂದಿಯಲ್ಲಿ ಇಳಿದಳು. ಹೆಂಗಸರ ಹಾಡು ಕೇಳುತ್ತಿತ್ತು, ಫಕ್ಕನೆ ನಿಂತಿತು. ಹಾಡು ನಿಂತಿತೆಂದರೆ ಪೂಜೆ ಮುಗಿಯಿತು, ಇನ್ನು ನೀರು ಕುಡಿಯುವುದೇ.

“ನಿಂದರ್ರಿ! ಆ ನೀರ ಕುಡೀಬ್ಯಾಡ್ರಿ!”

ವಿಜಯಾ ಬೊಗಸೆಯನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ನಿಂತಳು. ಕೂಸನ್ನು ಎತ್ತಿಕೊಂಡಿದ್ದ ಅವಳಜ್ಜಿ ಬಾಯವ್ವ ತಿರುಗಿ ನೋಡಿದಳು.

“ಏನ್ರೀ ಅಕ್ಕೋರ, ಒಳ್ಳೆ ಹೊತ್ತಿನ್ಯಾಗ ಹಿಂಗ ಒದರತೀರಿ?”

“ಆಯೀ, ಅದರಾಗ ವಿಷಾ ಐತ್ರಿ.”

“ಬಿಡ್ತ ಅನ್ರಿ ಮೊದಲ! ಬಾಣಂತಿ ಮುಂದ ಎಂಥಾ ಮಾತ ಆಡತೀರಿ?” ಬಾಯವ್ವ ಕೂಸನ್ನು ಎದೆಗೆ ಅವಚಿಕೊಂಡಳು. “ವಿಷಾ ಇದ್ರ ಮಡುವಿನ್ಯಾಗ ಐತಿ. ಇದು ವರತಿ. ಉಸುಕ ಹೊಲಸೆಲ್ಲಾ ಹಿಡೀತೈತಿ ಅಂತ ನೀವs ಕಲಿಸೀರಂತ. ನಮ್ಮ ಅನ್ನಪೂರ್ಣಾ ಮನ್ಯಾಗ ಅದನ್ನs ಹೇಳಿ ತಲಿ ತಿಂತಾಳ. ಈಗ ಮತ್ತೊಂದ ಅಂತೀರಿ. ಯಾವದು ಖರೇ?”

ಹೆಂಗಸರೆಲ್ಲ ಶೈಲಜಾಳನ್ನೇ ನೋಡುತ್ತಿದ್ದರು. ಮಕ್ಕಳೂ ನೋಡುತ್ತಿದ್ದರು. ಕಲಿಸಿದ್ದು ತಪ್ಪು ಎಂದರೆ ನಾಳೆಯಿಂದ ಯಾವ ತಾಯಿ ತನ್ನ ಮಕ್ಕಳನ್ನು ಹಳ್ಳಕ್ಕೆ ಕಳಿಸಿಯಾಳು? ಹೆಡ್‌ಮಾಸ್ತರರು ಇನ್ನೇನು ಅಂದಾರು? ವಿಜಯಾಳ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಂದs ತಪ್ಪರಿ ಆಯೀ. ಅರ್ಧಾ ಕಲಿಸಿ ಬಿಟ್ಟೇನಿ. ಉಸುಕ ರಾಡಿ ಹಿಡೀತೈತಿ, ಎಣ್ಣಿ ಹಿಡ್ಯೂದಿಲ್ಲ. ನಿಮ್ಮ ಕಾಲಿಗೆ ಬೀಳತೇನಿ, ಚೆಲ್ಲಸ್ರಿ.”

ಬಾಯವ್ವ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಸಾಲಿ ಕಲಿಸುವವರು ತಪ್ಪಾಯಿತು ಅನ್ನುವುದನ್ನು ಮುದುಕಿ ಈ ಜನ್ಮದಲ್ಲಿ ಕೇಳಿರಲಿಲ್ಲ. ಮೊಮ್ಮಗಳ ಕೈಗೆ ಫಟ್ಟನೆ ಹೊಡೆದಳು. ನೀರು ಚೆಲ್ಲಿತು.

“ಯಾರೂ ಕುಡದಿಲ್ಲಲ್ಲ? ಕೂಸಿಗೆ?”

“ಇನ್ನೂ ಇಲ್ರಿ” ಎಂದಳು ವಿಜಯಾ. ಶೈಲಜಾ ಉಸ್ಸೆಂದು ಉಸುಕಿನ ಮೇಲೆ ಕುಸಿದಳು.

ಆಗ ಕಂಡದ್ದು ಅನ್ನಪೂರ್ಣಾ. ಜಾಲಿಗಿಡಕ್ಕೆ ಆತು ಕುಳಿತಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಹಣೆ ಬೆವರಿತ್ತು.

“ಅಕ್ಕಗ ಕೊಡೂಕಿಂತ ಮೊದಲ ನಾನs ಕುಡದ ನೋಡೇನ್ರಿ” ಅಂದಳು.

ಆಮೇಲೆ ನಡೆದದ್ದು ಶೈಲಜಾಗೆ ಸರಿಯಾಗಿ ನೆನಪಿಲ್ಲ. ಯಾರೋ ಟ್ರ್ಯಾಕ್ಸ್ ಗಾಡಿ ತಂದರು. ಸವದತ್ತಿಯವರೆಗೂ ಹುಡುಗಿಯ ತಲೆ ಅವಳ ತೊಡೆಯ ಮೇಲಿತ್ತು. ಪಕ್ಕದಲ್ಲಿ ಬಾಯವ್ವ ಎಲ್ಲಮ್ಮನಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದಳು, ನಡುನಡುವೆ ಮಾಳಪ್ಪನಿಗೆ ಹಿಡಿಶಾಪ. ಶೈಲಜಾಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ದವಾಖಾನೆಯ ಬಾಗಿಲ ಮುಂದೆ ಕುಳಿತು ಕುಳಿತು ಮಧ್ಯಾಹ್ನ ಇಳಿಯಿತು. ಒಳಗೆ ಪಾತ್ರೆ ಸಪ್ಪಳವಾದರೂ ಶೈಲಜಾ ಎದ್ದು ನಿಲ್ಲುತ್ತಿದ್ದಳು. ಕಡೆಗೆ ಡಾಕ್ಟರು ಹೊರಗೆ ಬಂದು, “ಕುಡಿದದ್ದು ಸ್ವಲ್ಪ. ಉಳೀತಾಳ, ಅಂಜಬ್ಯಾಡ್ರಿ” ಅಂದರು. ಬಾಯವ್ವ ಅಲ್ಲೇ ನೆಲಕ್ಕೆ ಕೈಮುಗಿದು ಅತ್ತುಬಿಟ್ಟಳು.

ಶೈಲಜಾ ಒಳಗೆ ಹೋದಾಗ ಹುಡುಗಿ ಕಣ್ಣು ತೆರೆದಿದ್ದಳು. ಬಾಗಿ ಕೇಳಬೇಕಾಯಿತು, ದನಿ ಅಷ್ಟು ಸಣ್ಣಗಿತ್ತು.

“ಅಕ್ಕೋರ, ನೀರಿಗೆ ಎಣ್ಣಿ ನಾತ ಇತ್ರಿ.”

“ಗೊತ್ತಾಗಿತ್ತೇನ? ಮತ್ತ್ಯಾಕ ಕುಡದಿ ನನ್ನವ್ವಾ?”

“ನೀವು ಹೇಳಿದ್ರೆಲ್ರಿ, ಉಸುಕ ಎಲ್ಲಾ ಹಿಡೀತೈತಿ ಅಂತ. ನನ್ನ ಮೂಗs ಸುಳ್ಳ ಹೇಳಾಕತ್ತೈತಿ ಅನಕೊಂಡ್ನಿ.”