ಖಾಡಿಯ ಕಡೆಗೆ ತಲೆ

ಹುರಿದ ಬಂಗುಡೆ ಒಂದಕ್ಕೆ ಒಂದು ರೂಪಾಯಿ. ಬಟಾಟೆಯ ಹುರಿದ ಹೋಳು, ಅಂದರೆ ಕಾಪು, ಬಶಿಗೆ ಅರ್ಧ ರೂಪಾಯಿ. ಎರಡು ಬಂಗುಡೆ, ಕಾಪು, ಅನ್ನ, ಸಾರು ಎಲ್ಲ ಸೇರಿದ ಎಲೆಗೆ ಮೂರು ರೂಪಾಯಿ. ಸಮುದ್ರದ ನೀರು ಒಳನುಗ್ಗುವ ವಾಶಿ ಖಾಡಿಯ ದಂಡೆಯಲ್ಲಿದ್ದ ರತ್ನಾವತಿಯ ತಗಡಿನ ಹೋಟೆಲಿನಲ್ಲಿ ೧೯೭೭ರ ದರ ಇದು. ಆದರೆ ಆ ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ ಅವಳು ಹಾಕಿದ ಒಂದೇ ಒಂದು ಎಲೆ ಮಾರಾಟದ್ದಲ್ಲ. ಅದು ಗಂಡ ಕುಶಲನಿಗೆ.

ಮೂರು ವರ್ಷದ ಹಿಂದೆ ಇದೇ ಅಮಾವಾಸ್ಯೆಗೆ ಕುಶಲ ಹಿಂಬಾಗಿಲಿನ ಮೆಟ್ಟಿಲಿಳಿದು ದೋಣಿ ಹತ್ತಿದ್ದ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಕಂಡೆ ಎಂದು ಯಾರೋ ಹೇಳಿದರೆ ರತ್ನಾವತಿ ಡೊಂಬಿವಲಿಗೆ ಓಡಿದಳು. ಕಲ್ಯಾಣ ಎಂದರೆ ಕಲ್ಯಾಣಕ್ಕೆ. ರಾತ್ರಿಯಾದರೆ ಮೆಟ್ಟಿಲಿಗೆ ದೋಣಿ ತಾಗಿದ ಸದ್ದು. ಎದ್ದು ಹೋಗಿ ನೋಡಿದರೆ ಬರೀ ನೀರು. ಮೂರು ವರ್ಷ ಅವಳು ಸರಿಯಾಗಿ ಮಲಗಿದ್ದೇ ಇಲ್ಲ.

ಕುಶಲನ ಅಕ್ಕ ಜಯಲತಾ ನೌಪಾಡಾದಿಂದ ಬಂದು ಹಟ ಹಿಡಿದಿದ್ದಳು. "ಸತ್ತವರಿಗೆ ಬಡಿಸುವ ದಿನ ಇವತ್ತು. ಒಂದು ಎಲೆ ಹಾಕು ಮಾರಾಯ್ತಿ. ಹೋದವನಾದರೆ ಬಂದು ಉಣ್ತಾನೆ. ಬದುಕಿದ್ದರೆ ಎಲೆ ಹಾಗೇ ಉಳೀತದೆ. ಏನಾದರೊಂದು ತೀರ್ಮಾನ ಆಗ್ಲಿ."

"ಹಾಗೇ ಉಳೀತದೆ, ನೋಡಿ ಬೇಕಾದರೆ," ಎಂದಳು ರತ್ನಾವತಿ, ಕುತ್ತಿಗೆಯ ಕರಿಮಣಿಯನ್ನು ಮುಟ್ಟಿಕೊಂಡು.

ಕರಾವಳಿಯ ತಮ್ಮೂರಿನ ಕ್ರಮದಂತೆ ಬಡಿಸಿ, ದೀಪ ಹಚ್ಚಿ, ಇಬ್ಬರೂ ಹೊರಗೆ ಬಂದು ಮುಂಬಾಗಿಲು ಮುಚ್ಚಿದರು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಖಾಡಿಯ ಕಡೆಯ ಹಿಂಬಾಗಿಲನ್ನು ಮಾತ್ರ ರತ್ನಾವತಿ ತೆರೆದೇ ಬಿಟ್ಟಿದ್ದಳು. ಹೋದದ್ದು ಅದರಿಂದ, ಬರುವುದಿದ್ದರೆ ಅದರಿಂದಲೇ ಬರಬೇಕು.

ಅರ್ಧ ಗಂಟೆ ಕಳೆಯಿತು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಬೇಕು, ಉಂಡವರಿಗೆ ಏಳಲು ಸಮಯ ಕೊಡಬೇಕು. ರತ್ನಾವತಿ ಮೂರು ಸಲ ತಟ್ಟಿದಳು. ಕ್ರಮದಲ್ಲಿಲ್ಲದ ಒಂದು ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು:

"ಉಂಡಾಯ್ತಾ?"

"ಆತು," ಎಂದಿತು ಒಳಗಿನಿಂದ ಗಂಡಸಿನ ದನಿ.

ಜಯಲತಾ ಹೊಸ್ತಿಲಿನಿಂದ ಹಿಂದೆ ಸರಿದಳು. ರತ್ನಾವತಿ ಬಾಗಿಲು ದೂಡಿದಳು.

ಎಲೆಯ ಮುಂದೆ ಯಂಕಪ್ಪ ಕುಳಿತಿದ್ದ. ಕಟ್ಟಡದ ಕೆಲಸಕ್ಕೆ ಜೊತೆಗಾರ ಬಾಲಪ್ಪನೊಂದಿಗೆ ರಾಯಚೂರಿನಿಂದ ಬಂದವನು. ಕೂಲಿಯವರ ಕಾಲು ಕೆಸರು, ಹಿಂದಿನಿಂದಲೇ ಬನ್ನಿ ಎಂದವಳು ಅವಳೇ. ಅವರಿಗೆ ಬಿಡುವು ಕಮ್ಮಿಯೆಂದು ಮೊದಲೇ ಎಲೆ ಹಾಕಿಡುತ್ತಿದ್ದವಳೂ ಅವಳೇ. ಅವನ ತಪ್ಪೇನು?

"ಪಾಪಿ, ಅದು ಸತ್ತವರ ಎಲೆ!" ಜಯಲತಾ ಹೊರಗಿನಿಂದಲೇ ಕೂಗಿದಳು.

ಯಂಕಪ್ಪನ ಕೈಯ ಕೊನೆಯ ತುತ್ತು ಕೆಳಗೆ ಬಿತ್ತು. "ನಂಗೇನ್ ಗೊತ್ತ್ರಿ ಯಕ್ಕಾ! ದಿನಾ ಇಟ್ಟಂಗ ಇಟ್ಟೀರಿ, ಕುಂತೆ."

ಆದರೆ ರತ್ನಾವತಿ ನೋಡುತ್ತಿದ್ದದ್ದು ಎಲೆಯನ್ನು. ಒಂದು ಮೀನು ಬಯಲುಸೀಮೆಯವನು ತಿಂದ ಹಾಗೆ ಚಿಂದಿಯಾಗಿತ್ತು, ಮುಳ್ಳು ಎಲೆಯ ತುಂಬ ಚೆಲ್ಲಿತ್ತು. ಇನ್ನೊಂದು ಮೀನಿನ ಮುಳ್ಳು ಬಾಚಣಿಗೆಯ ಹಾಗೆ ಇಡಿಯಾಗಿ ಎಲೆಯ ತುದಿಯಲ್ಲಿತ್ತು. ತಲೆ ಖಾಡಿಯ ಕಡೆಗೆ. ಕುಶಲ ಹಾಗೇ ಇಡುತ್ತಿದ್ದ. "ಬಂದ ದಾರಿಯಲ್ಲೇ ಹೋಗ್ಲಿ ಪಾಪ," ಎಂದು ನಗುತ್ತಿದ್ದ.

"ಎರಡೂ ನೀನೇ ತಿಂದೆಯಾ?"

"ಒಂದ ತಿಂದೆರಿ. ಅದು ನಾ ಬರೂದ್ರಾಗ ಹಂಗ ಇತ್ತು. ನಾವಿಬ್ರೂ ಒಂದ ಎಲಿ ಹಂಚ್ಕೊಂಡು ಉಣ್ಣೂದಲ್ರಿ? ಬಾಲಪ್ಪ ತನ್ನ ಪಾಲು ತಿಂದು ಹೋಗ್ಯಾನ ಅನ್ಕೊಂಡ್ನಿ."

"ಮತ್ತೇನು, ಬಾಲಪ್ಪನೇ," ಎಂದು ಜಯಲತಾ ಉಸಿರುಬಿಟ್ಟಳು. ಎಲೆ ಹಾಕು ಎಂದು ಹಟ ಹಿಡಿದಿದ್ದ ಅವಳಿಗೂ ಈಗ ಹೆದರಿಕೆಯಾಗಿತ್ತು.

ಆಗ ಹಿಂಬಾಗಿಲಿನಲ್ಲಿ ಕಾಲು ತೊಳೆಯುವ ಸದ್ದು. ಬಾಲಪ್ಪ ತಲೆ ಒಳಗೆ ಹಾಕಿ ಎಲೆಯನ್ನು ನೋಡಿದ.

"ಎಲಾ ಯಂಕ್ಯಾ! ನಾ ಬರೂದ್ರಾಗ ನನ್ನ ಪಾಲೂ ನುಂಗಿಬಿಟ್ಟೆನ್ಲೇ ಹೊಟ್ಟಿಬಾಕ?"

ದೀಪದ ಬತ್ತಿ ಚಟಪಟ ಎಂದಿತು.

ಯಂಕಪ್ಪ ದಡಬಡಿಸಿ ಎದ್ದು, ಸೊಂಟದ ಗಂಟಿನಿಂದ ಮೂರು ರೂಪಾಯಿ ತೆಗೆದ. ರತ್ನಾವತಿ ಅವನ ಕೈ ಹಿಂದಕ್ಕೆ ತಳ್ಳಿದಳು.

"ಹೆದರಬೇಡ ತಮ್ಮಾ. ನಮ್ಮವರು ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದವರಲ್ಲ. ನಿನ್ನ ಪಾಲು ನಿನಗೆ ಬಿಟ್ಟೇ ಎದ್ದಿದ್ದಾರೆ." ಬಾಲಪ್ಪನತ್ತ ತಿರುಗಿದಳು. "ಕೂತ್ಕೋ ನೀನೂ. ಒಳಗೆ ಇನ್ನೂ ಮೀನುಂಟು, ಹುರಿದು ಕೊಡ್ತೇನೆ."

ಬಂಗುಡೆ ಕಾವಲಿಯ ಮೇಲೆ ಚುರುಗುಟ್ಟುತ್ತಿರುವಾಗ ಅವಳು ಅತ್ತಳು. ಹೊಗೆಯ ನೆಪ ಹೇಳಲಿಲ್ಲ. ಸಂಜೆ ಮೆಟ್ಟಿಲಿಳಿದು ಆ ಇಡೀ ಮುಳ್ಳನ್ನು ನೀರಿಗೆ ಬಿಟ್ಟಳು, ಅದರ ಹಿಂದೆಯೇ ಕರಿಮಣಿಯನ್ನೂ.

ಆಮೇಲೆ ಮೆಟ್ಟಿಲಿಗೆ ದೋಣಿ ತಾಗಿದ ಸದ್ದು ಅವಳಿಗೆ ಕೇಳಿಸಲಿಲ್ಲ. ಗಂಡ ಬರುತ್ತಾನೆಂಬ ಆಸೆ ಆ ದಿನ ಹೋಯಿತು. ನಿದ್ದೆ ಸಿಕ್ಕಿತು.